ಬೆರಳು ತೂಬು ಎತ್ತುತ್ತದೆ, ಗಾಳಿ ಹಾಡುತ್ತದೆ: ಆರ್ಗನ್ ಕಟ್ಟುವ, ನುಡಿಸುವ ಬಗೆ

2024ರ ಡಿಸೆಂಬರ್ 7ರ ಸಂಜೆ ಪ್ಯಾರಿಸ್ಸಿನ ನೋತ್ರ್ ದಾಮ್ ಕೆಥೆಡ್ರಲ್ ಮತ್ತೆ ಬಾಗಿಲು ತೆರೆಯಿತು. ಟಿವಿಯಲ್ಲಿ ಅದನ್ನು ನೋಡಿದವರಿಗೆ ಒಂದು ಗಳಿಗೆ ನೆನಪಿನಲ್ಲಿ ಉಳಿದಿರಬೇಕು. ಆರ್ಚ್‌ಬಿಷಪ್ಪರು ಅಲ್ಲಿನ ದೊಡ್ಡ ಆರ್ಗನ್ ವಾದ್ಯವನ್ನು, ಮಲಗಿದವರನ್ನು ಎಬ್ಬಿಸುವ ಹಾಗೆ, ‘ಎಚ್ಚರಗೊಳ್ಳು’ ಎಂದು ಕರೆದರು. ವಾದ್ಯ ಉತ್ತರ ಕೊಟ್ಟಿತು. ಹೀಗೆ ಎಂಟು ಸಲ ಕರೆ, ಎಂಟು ಸಲ ಉತ್ತರ. 2019ರ ಏಪ್ರಿಲ್ 15ರ ಬೆಂಕಿಯಲ್ಲಿ ಆ ಆರ್ಗನ್ ಸುಡಲಿಲ್ಲ. ಆದರೆ ಕಟ್ಟಡದ ಸೀಸದಿಂದ ಎದ್ದ ಧೂಳು ಅದರ ಸುಮಾರು 8,000 ಕೊಳವೆಗಳನ್ನು ಮುಚ್ಚಿತ್ತು. ಬಿಚ್ಚಿ, ಶುಚಿ ಮಾಡಿ, ಮತ್ತೆ ಜೋಡಿಸಿ, ಒಂದೊಂದು ಕೊಳವೆಗೂ ಸ್ವರ ಕೂಡಿಸಲು ವರ್ಷಗಳೇ ಹಿಡಿದವು.

ಆ ನಾದದ ಬೆನ್ನು ಹತ್ತಿ ಯೂಟ್ಯೂಬಿನಲ್ಲಿ ಹುಡುಕಿದರೆ ಇನ್ನೊಂದು ನೋಟ ಎದುರಾಗುತ್ತದೆ. ಯಾರದೋ ಮನೆಯ ಮಹಡಿ, ಕೈಯಾರೆ ಮಾಡಿದ ಮರದ ಚೌಕಟ್ಟು, ಒಂದರ ಮೇಲೊಂದು ಮೂರು ಕೀಬೋರ್ಡು, ಕಾಲ ಬಳಿ ಮರದ ಪಟ್ಟಿಗಳ ಇನ್ನೊಂದು ಕೀಬೋರ್ಡು, ಪಕ್ಕದಲ್ಲಿ ಕಂಪ್ಯೂಟರ್. ಕೇಳಿಸುವ ಧ್ವನಿ ಮಾತ್ರ ಯೂರೋಪಿನ ಯಾವುದೋ ಹಳೆಯ ಚರ್ಚಿನದು. ಇನ್ನು ಕೆಲವರು ಗ್ಯಾರೇಜಿನಲ್ಲಿ ಮರ ಕೊಯ್ದು ನಿಜವಾದ ಕೊಳವೆಗಳನ್ನೇ ಕಟ್ಟುತ್ತಿರುತ್ತಾರೆ. ಕೋಣೆಯೊಳಗೆ ಚರ್ಚಿನ ಧ್ವನಿ ಬಂದದ್ದು ಹೇಗೆ? ಒಬ್ಬರೇ ಇಂಥದ್ದನ್ನು ಕಟ್ಟಲು ಸಾಧ್ಯವೇ? ಇದಕ್ಕೆ ಉತ್ತರ ಬೇಕಿದ್ದರೆ ನಾವು ನಮಗೆ ಚೆನ್ನಾಗಿ ಗೊತ್ತಿರುವ ಪೆಟ್ಟಿಗೆಯೊಂದರಿಂದ ಶುರು ಮಾಡಬಹುದು.

ಹಾರ್ಮೋನಿಯಂ ಗೊತ್ತಿದ್ದರೆ ಅರ್ಧ ದಾರಿ ಮುಗಿಯಿತು

ಭಜನೆ ಮನೆಯ ಹಾರ್ಮೋನಿಯಂ, ಉತ್ತರ ಕರ್ನಾಟಕದವರು ಹೇಳುವ ‘ಪೇಟಿ’, ಕಂಪನಿ ನಾಟಕಗಳ ಕಾಲು ಹಾರ್ಮೋನಿಯಂ ಎಲ್ಲವೂ ಆರ್ಗನ್ನಿನ ಹತ್ತಿರದ ನೆಂಟರು. ತಿದಿ ಒತ್ತಿದರೆ ಪೆಟ್ಟಿಗೆಯಲ್ಲಿ ಗಾಳಿ ತುಂಬುತ್ತದೆ. ಬೆರಳಿನಿಂದ ಒತ್ತುವ ಪಟ್ಟಿಗೆ, ಅಂದರೆ ಕೀಗೆ, ಮನೆ ಎನ್ನುತ್ತೇವೆ. ಮನೆ ಒತ್ತಿದರೆ ಅದರ ಕೆಳಗಿನ ರಂಧ್ರ ತೆರೆದು, ಗಾಳಿ ಹಿತ್ತಾಳೆಯ ನಾಲಿಗೆಯನ್ನು ಅದುರಿಸಿಕೊಂಡು ಹೊರಬರುತ್ತದೆ. ಆ ನಾಲಿಗೆಗೆ ರೀಡ್ ಎನ್ನುತ್ತೇವೆ.

ಒಳ್ಳೆಯ ಹಾರ್ಮೋನಿಯಂನಲ್ಲಿ ಒಂದೇ ಮನೆಗೆ ಎರಡು ಮೂರು ರೀಡುಗಳಿರುತ್ತವೆ. ಅಂಗಡಿಯವರು ಬೇಸ್, ಮೇಲ್, ಫೀಮೇಲ್ ಎಂದು ಹೆಸರು ಹೇಳುತ್ತಾರೆ. ಮುಂದಿನ ಗುಬುಟು ಎಳೆದರೆ ಆ ಸಾಲು ಸೇರಿಕೊಳ್ಳುತ್ತದೆ, ಒಳಗೆ ತಳ್ಳಿದರೆ ಸುಮ್ಮನಾಗುತ್ತದೆ. ‘ಕಪ್ಲರ್’ ಹಾಕಿದರೆ ಒಂದು ಮನೆ ಒತ್ತಿದಾಗ ಇನ್ನೊಂದು ಸ್ಥಾಯಿಯ ಮನೆಯೂ ತಾನಾಗಿ ಇಳಿಯುತ್ತದೆ.

ಈಗ ಆ ಪೆಟ್ಟಿಗೆಯನ್ನು ಮನಸ್ಸಿನಲ್ಲೇ ಹಿಗ್ಗಿಸಿ. ರೀಡಿನ ಜಾಗದಲ್ಲಿ ಕೊಳವೆಗಳನ್ನು ನಿಲ್ಲಿಸಿ. ಎರಡು ಮೂರು ಸಾಲಿನ ಬದಲು ಹತ್ತು, ಐವತ್ತು, ನೂರು ಸಾಲು ಮಾಡಿ. ಕೈ ತಿದಿ ತೆಗೆದು ವಿದ್ಯುತ್ ಫ್ಯಾನು ಹಾಕಿ, ಎರಡೂ ಕೈಗೆ ಬಿಡುವು ಕೊಡಿ, ಕಾಲಿಗೂ ಒಂದು ಸಾಲು ಮನೆ ಕೊಡಿ. ಇದೇ ಪೈಪ್ ಆರ್ಗನ್. ವಂಶವೃಕ್ಷದಲ್ಲಿ ಆರ್ಗನ್ನೇ ಹಿರಿಯ. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಕ್ಟೆಸಿಬಿಯಸ್ ಎಂಬ ತಂತ್ರಜ್ಞ ನೀರಿನ ಭಾರದಿಂದ ಗಾಳಿಯ ಒತ್ತಡವನ್ನು ಸಮನಾಗಿಟ್ಟು ಕೊಳವೆಗಳನ್ನು ನುಡಿಸಿದ. ಹಾರ್ಮೋನಿಯಂ ಹುಟ್ಟಿದ್ದು 1840ರ ದಶಕದ ಪ್ಯಾರಿಸ್ಸಿನಲ್ಲಿ, ಅಂದರೆ ಎರಡು ಸಾವಿರ ವರ್ಷಗಳ ನಂತರ.

ಗುಬುಟಿಗೆ ಆರ್ಗನ್ನಿನಲ್ಲಿ ‘ಸ್ಟಾಪ್’ ಎಂಬ ಹೆಸರು ಯಾಕೆ ಬಂತು ಎಂದು ನಾನು ಬಹಳ ದಿನ ಯೋಚಿಸಿದ್ದೆ. ಎಳೆದರೆ ಧ್ವನಿ ಬರುತ್ತದೆ, ಹೆಸರು ನೋಡಿದರೆ ‘ನಿಲ್ಲಿಸು’. ಕಾರಣ ಹಳೆಯದು. ಮಧ್ಯಯುಗದ ದೊಡ್ಡ ಆರ್ಗನ್‌ಗಳಲ್ಲಿ ಎಲ್ಲ ಸಾಲುಗಳೂ ಒಟ್ಟಿಗೇ ನುಡಿಯುತ್ತಿದ್ದವು, ಬೇರ್ಪಡಿಸುವ ದಾರಿ ಇರಲಿಲ್ಲ. ಬೇಡದ ಸಾಲನ್ನು ತಡೆದು ನಿಲ್ಲಿಸುವ ಉಪಾಯ ಆಮೇಲೆ ಬಂತು, ಅದರ ಹೆಸರೇ ಉಳಿಯಿತು.

ಕೊಳವೆಯೊಳಗೆ ನಡೆಯುವುದೇನು

ಖಾಲಿ ಬಾಟಲಿಯ ಬಾಯಿಗೆ ಅಡ್ಡಲಾಗಿ ಊದಿ ಸದ್ದು ಮಾಡದ ಮಕ್ಕಳಿಲ್ಲ. ಆರ್ಗನ್ನಿನ ಬಹುಪಾಲು ಕೊಳವೆಗಳು ಇದೇ ಜಾತಿಯವು. ಕೆಳಗಿನ ಪಾದದಿಂದ ಬಂದ ಗಾಳಿ ಕಿರಿದಾದ ಸೀಳಿನಲ್ಲಿ ಹಾಳೆಯಂತೆ ತೆಳುವಾಗಿ ಹೊರಬಂದು ಎದುರಿನ ತುಟಿಗೆ ಬಡಿಯುತ್ತದೆ. ಬಡಿದ ಗಾಳಿ ಒಂದು ಕ್ಷಣ ಕೊಳವೆಯ ಒಳಗೆ ನುಗ್ಗುತ್ತದೆ, ಮರುಕ್ಷಣ ಹೊರಕ್ಕೆ ಬಾಗುತ್ತದೆ. ಈ ಒಳಗೆ–ಹೊರಗೆಯ ಲಯವನ್ನು ನಿರ್ಧರಿಸುವುದು ಕೊಳವೆಯೊಳಗಿನ ಗಾಳಿಯ ಕಂಬ. ಜೋಕಾಲಿಯನ್ನು ಅದರದೇ ಹೊತ್ತಿಗೆ ಸರಿಯಾಗಿ ತಳ್ಳಿದರೆ ಮಾತ್ರ ಅದು ಮೇಲೇರುತ್ತದಲ್ಲ, ಹಾಗೆ. ಉದ್ದದ ಕಂಬ ನಿಧಾನವಾಗಿ ತೂಗುತ್ತದೆ, ಸ್ವರ ಮಂದ್ರವಾಗುತ್ತದೆ. ಗಿಡ್ಡ ಕಂಬ ಬೇಗ ತೂಗುತ್ತದೆ, ಸ್ವರ ತಾರಕ್ಕೇರುತ್ತದೆ.

ಎರಡನೆಯ ಜಾತಿಯ ಕೊಳವೆಯ ಬುಡದಲ್ಲಿ ಹಿತ್ತಾಳೆಯ ನಾಲಿಗೆ ಇರುತ್ತದೆ. ಕಹಳೆ, ಓಬೋ ಮೊದಲಾದ ಹೆಸರಿನ, ಮೊನಚು ಧ್ವನಿಯ ಸಾಲುಗಳು ಇವು. ಇಲ್ಲಿ ಸ್ವರ ಹಿಡಿಯುವುದು ಮುಖ್ಯವಾಗಿ ನಾಲಿಗೆ. ಮೇಲಿನ ಕೊಳವೆ ಅದಕ್ಕೆ ಬಣ್ಣ ಮತ್ತು ಬಲ ಕೊಡುತ್ತದೆ.

ಕೊಳವೆಯ ಉದ್ದ ಶ್ರುತಿ ಹೇಳಿದರೆ, ಅಗಲ ಅದರ ಗುಣ ಹೇಳುತ್ತದೆ. ಅಗಲವಾದ ಕೊಳವೆ ಕೊಳಲಿನಂತೆ ಮೃದು. ತೀರ ಕಿರಿದಾದದ್ದು ತಂತಿವಾದ್ಯದ ಹಾಗೆ ಚುರುಕು. ಎರಡರ ನಡುವಿನದು ಆರ್ಗನ್ನಿನದೇ ಸ್ವಂತ ಧ್ವನಿ, ಅದನ್ನು ಪ್ರಿನ್ಸಿಪಲ್ ಎನ್ನುತ್ತಾರೆ. ಇಲ್ಲೊಂದು ಸೂಕ್ಷ್ಮವಿದೆ. ಒಂದು ಸ್ಥಾಯಿ ಮೇಲೇರಿದರೆ ಉದ್ದ ಅರ್ಧವಾಗುತ್ತದೆ. ಅಗಲವನ್ನೂ ಅದೇ ಲೆಕ್ಕದಲ್ಲಿ ಅರ್ಧ ಮಾಡಿದರೆ ಮೇಲಿನ ಸ್ವರಗಳು ಕಡ್ಡಿಯಂತೆ ಸೊರಗಿಹೋಗುತ್ತವೆ. 19ನೇ ಶತಮಾನದ ಜರ್ಮನಿಯಲ್ಲಿ ಟೋಪ್ಫರ್ ಎಂಬ ವಿದ್ವಾಂಸ ಇದಕ್ಕೊಂದು ಲೆಕ್ಕ ಕೊಟ್ಟರು. ಅದರಿಂದ ಬೆಳೆದ ಅಳತೆಪಟ್ಟಿಯಲ್ಲಿ 8 ಅಡಿಯ ಕೊಳವೆಯ ವ್ಯಾಸ 155.5 ಮಿಲಿಮೀಟರ್, ಅಲ್ಲಿಂದ ಎಣಿಸಿ 17ನೆಯ ಕೊಳವೆಗೆ ಬಂದಾಗ ವ್ಯಾಸ ಅರ್ಧವಾಗುತ್ತದೆ. ಇಂದಿಗೂ ಮನೆಯಲ್ಲಿ ಕೊಳವೆ ಕಟ್ಟುವವರು ‘ಇದಕ್ಕಿಂತ ಎರಡು ಅಳತೆ ಅಗಲ, ಮೂರು ಅಳತೆ ಕಿರಿದು’ ಎಂದು ಇದೇ ಪಟ್ಟಿಗೆ ಹೋಲಿಸಿ ಮಾತಾಡುತ್ತಾರೆ.

8 ಅಡಿ, 4 ಅಡಿ, 2⅔ ಅಡಿ

ಆರ್ಗನ್ನಿನ ಪ್ರತಿ ಗುಬುಟಿನ ಮೇಲೂ ಒಂದು ಹೆಸರು, ಒಂದು ಸಂಖ್ಯೆ ಇರುತ್ತದೆ. ಸಂಖ್ಯೆ ಆ ಸಾಲಿನ ಅತಿ ಮಂದ್ರ ಸ್ವರದ ತೆರೆದ ಕೊಳವೆಯ ಅಂದಾಜು ಉದ್ದ. 8 ಅಡಿ ಎಂದರೆ ಒತ್ತಿದ ಮನೆಯ ಸ್ವರವೇ ಕೇಳುತ್ತದೆ. 4 ಅಡಿ ಒಂದು ಸ್ಥಾಯಿ ಮೇಲೆ, 16 ಅಡಿ ಒಂದು ಸ್ಥಾಯಿ ಕೆಳಗೆ. ಬೇಸ್, ಮೇಲ್, ಫೀಮೇಲ್ ಎಂದರೆ ಸರಿಸುಮಾರು 16, 8, 4 ಎಂದೇ ತಿಳಿಯಬಹುದು. 16 ಅಡಿಯ ತಳದ ಸ್ವರ ಸೆಕೆಂಡಿಗೆ ಸುಮಾರು 33 ಕಂಪನ, 32 ಅಡಿಯದು ಸುಮಾರು 16. ಇಷ್ಟು ಕೆಳಗೆ ಹೋದರೆ ಅದು ಸ್ವರವಾಗಿ ಕೇಳುವುದಕ್ಕಿಂತ ಎದೆಯಲ್ಲಿ, ಕೂತ ಬೆಂಚಿನಲ್ಲಿ ತಿಳಿಯುತ್ತದೆ. ಸಿಡ್ನಿ ಟೌನ್ ಹಾಲ್‌ನ 1890ರ ಆರ್ಗನ್ನಿನಲ್ಲಿ 64 ಅಡಿಯ ಸಾಲೂ ಇದೆ.

ಭಿನ್ನರಾಶಿಗಳು ನಿಜಕ್ಕೂ ಸೊಗಸು. ತಂಬೂರಿಯ ಮಂದ್ರ ಷಡ್ಜವನ್ನು ಮೀಟಿ ಕಿವಿಗೊಟ್ಟರೆ ಯಾರೂ ಮೀಟದ ಅಂತರ ಗಾಂಧಾರ ತೇಲಿ ಬರುವುದು ಸಂಗೀತ ಕೇಳುವವರಿಗೆ ಗೊತ್ತು. ಯಾವ ತಂತಿಯೂ ಒಂದೇ ಸ್ವರ ನುಡಿಯುವುದಿಲ್ಲ. ಮೂಲ ಕಂಪನದ ಜತೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು, ಐದರಷ್ಟು ವೇಗದ ಮರಿಸ್ವರಗಳು ಹೊರಡುತ್ತವೆ. ಮೂರರಷ್ಟು ಎಂದರೆ ಪಂಚಮ, ಐದರಷ್ಟು ಎಂದರೆ ಗಾಂಧಾರ. ತಂಬೂರಿ ಇವನ್ನು ತಾನಾಗಿ ಕೊಡುತ್ತದೆ. ಆರ್ಗನ್ ಕಟ್ಟುವವರು ಇವಕ್ಕೆ ಬೇರೆಯೇ ಕೊಳವೆಗಳನ್ನು ಮಾಡಿದರು. 8ನ್ನು 3ರಿಂದ ಭಾಗಿಸಿದರೆ 2⅔ ಅಡಿ, ಅದು ಪಂಚಮದ ಸಾಲು. 5ರಿಂದ ಭಾಗಿಸಿದರೆ 1⅗ ಅಡಿ, ಗಾಂಧಾರದ ಸಾಲು. ಒಂಟಿಯಾಗಿ ನುಡಿಸಿದರೆ ಇವು ಅಪಸ್ವರದಂತೆ ಕೇಳುತ್ತವೆ. 8 ಅಡಿಯ ಸಾಲಿನ ಮೇಲೆ ಸೇರಿಸಿದರೆ ಪ್ರತ್ಯೇಕವಾಗಿ ಕೇಳುವುದೇ ಇಲ್ಲ, ಮೂಲಸ್ವರದ ಬಣ್ಣವೇ ಬದಲಾಗುತ್ತದೆ. ವಾದಕರು ಯಾವ ಸಾಲಿಗೆ ಯಾವ ಸಾಲು ಕೂಡಿಸಬೇಕೆಂದು ಆರಿಸುವುದೇ ಒಂದು ಕಲೆ, ಅಡುಗೆಯಲ್ಲಿ ಒಗ್ಗರಣೆ ಹದ ತಿಳಿದ ಹಾಗೆ.

ಕೆರೆ, ತೂಬು, ಕಾಲುವೆ

ಹತ್ತು ಸಾಲು, ಸಾಲಿಗೆ 61 ಕೊಳವೆ ಎಂದರೆ 610 ಕೊಳವೆ. ಒತ್ತಿದ ಮನೆಯದು, ಅದೂ ಎಳೆದ ಗುಬುಟಿನದು ಮಾತ್ರ ನುಡಿಯಬೇಕು. ಗಾಳಿಗೆ ಇದು ತಿಳಿಯುವುದು ಹೇಗೆ?

ಕೊಳವೆಗಳು ನಿಂತಿರುವ ಮರದ ಪೆಟ್ಟಿಗೆಯನ್ನು ಗಾಳಿಯ ಕೆರೆ ಎಂದುಕೊಳ್ಳಿ. ಅದು ಸದಾ ತುಂಬಿರುತ್ತದೆ. ಪ್ರತಿ ಮನೆಗೂ ಒಂದು ತೂಬು, ತೂಬಿನ ಆಚೆ ಒಂದು ಕಾಲುವೆ. ಆ ಕಾಲುವೆಯ ಮೇಲೆ ಒಂದೇ ಸ್ವರದ ಹತ್ತೂ ಸಾಲಿನ ಕೊಳವೆಗಳು ನಿಂತಿರುತ್ತವೆ. ಬೆರಳು ಒತ್ತಿದರೆ ತೂಬು ತೆರೆದು ಕಾಲುವೆಗೆ ಗಾಳಿ ಬರುತ್ತದೆ. ಆದರೆ ಕಾಲುವೆಗೂ ಕೊಳವೆಗೂ ನಡುವೆ ತೂತುಗಳಿರುವ ಮರದ ಪಟ್ಟಿಯೊಂದು ಅಡ್ಡ ಓಡಾಡುತ್ತದೆ, ಸಾಲಿಗೊಂದು. ಗುಬುಟು ಎಳೆದಾಗ ಪಟ್ಟಿ ಸರಿದು ತೂತಿಗೆ ತೂತು ಕೂಡುತ್ತದೆ. ಅಂದರೆ ಕೊಳವೆಗೆ ಗಾಳಿ ಸೇರಲು ಎರಡು ಒಪ್ಪಿಗೆ ಬೇಕು: ಮನೆಯದು ಉದ್ದಕ್ಕೆ, ಸಾಲಿನದು ಅಡ್ಡಕ್ಕೆ. ಈ ಉದ್ದ–ಅಡ್ಡದ ಜಾಲವನ್ನು ನೆನಪಿಡಿ, ಕಂಪ್ಯೂಟರಿನ ಹತ್ತಿರ ಹೋದಾಗ ಇದೇ ಮತ್ತೆ ಸಿಗುತ್ತದೆ.

ಕೆರೆಯ ಒತ್ತಡ ನಾವೆಣಿಸುವಷ್ಟು ದೊಡ್ಡದೇನಲ್ಲ. ಅದನ್ನು ನೀರು ತುಂಬಿದ ಯು ಆಕಾರದ ಗಾಜಿನ ನಳಿಗೆಯಲ್ಲಿ ಅಳೆಯುತ್ತಾರೆ. ಸಾಮಾನ್ಯ ಆರ್ಗನ್ನಿನಲ್ಲಿ ನೀರು 60ರಿಂದ 100 ಮಿಲಿಮೀಟರ್ ಏರುತ್ತದೆ. ಎಳನೀರಿನ ಸ್ಟ್ರಾದಲ್ಲಿ ನೀರನ್ನು ನಾಲ್ಕು ಬೆರಳು ಮೇಲಕ್ಕೆ ಎಳೆಯುವಷ್ಟು ಬಲ, ಅಷ್ಟೇ. ಆದರೆ ಆ ಒತ್ತಡ ಕದಲಬಾರದು. ಹತ್ತು ತೂಬು ಒಮ್ಮೆಲೇ ತೆರೆದಾಗ ಕೆರೆ ಇಳಿದರೆ ಎಲ್ಲ ಸ್ವರಗಳೂ ಬಾಡುತ್ತವೆ. ಫ್ಯಾನಿನ ಗಾಳಿ ನೇರವಾಗಿ ಕೊಳವೆಗೆ ಹೋಗದೆ, ಭಾರ ಇಟ್ಟ ತೊಗಲಿನ ತಿದಿಯೊಂದರ ಮೂಲಕ ಹೋಗುವುದು ಇದಕ್ಕಾಗಿ.

ನನಗೆ ಆರ್ಗನ್ನಿನ ಬಗ್ಗೆ ಅತಿ ಮುಖ್ಯವೆನಿಸುವ ಮಾತು ಇಲ್ಲಿದೆ. ವೀಣೆಯಲ್ಲಿ ಬೆರಳೇ ಸ್ವರವನ್ನು ಹುಟ್ಟಿಸುತ್ತದೆ. ಮೃದಂಗದಲ್ಲಿ ಅಂಗೈ ಹುಟ್ಟಿಸುತ್ತದೆ. ಆರ್ಗನ್ನಿನಲ್ಲಿ ಬೆರಳು ತೂಬು ಎತ್ತುತ್ತದೆ, ಸ್ವರ ಬೇರೆಲ್ಲೋ ಹುಟ್ಟುತ್ತದೆ. ಬೆರಳಿಗೂ ಸ್ವರಕ್ಕೂ ನಡುವೆ ಆರಂಭದಿಂದಲೇ ಒಂದು ಅಂತರವಿದೆ. ಆ ಅಂತರದಲ್ಲಿ ಮೊದಲು ಮರದ ಕಡ್ಡಿಗಳಿದ್ದವು, ಆಮೇಲೆ ವೈರು ಬಂತು, ಈಗ ಕಂಪ್ಯೂಟರ್ ಬಂದಿದೆ.

ಕಡ್ಡಿಯ ಜಾಗಕ್ಕೆ ವೈರು

ಹಳೆಯ ಆರ್ಗನ್‌ಗಳಲ್ಲಿ ಮನೆಗೂ ತೂಬಿಗೂ ತೆಳುವಾದ ಮರದ ಕಡ್ಡಿಗಳ ಸಂಬಂಧ. ಇದಕ್ಕೆ ಟ್ರ್ಯಾಕರ್ ಎನ್ನುತ್ತಾರೆ. ಒತ್ತಡ ಎದುರಿಸಿ ತೂಬು ತೆರೆಯುವಾಗ ಬೆರಳಿಗೆ ಸಣ್ಣ ತಡೆ ಸಿಗುತ್ತದೆ, ತೆರೆದ ಕೂಡಲೇ ಹಗುರ. ಇದನ್ನು ಬಹಳ ವಾದಕರು ಪ್ರೀತಿಸುತ್ತಾರೆ. ಆದರೆ ವಾದ್ಯ ದೊಡ್ಡದಾದಷ್ಟೂ ಮನೆ ಭಾರವಾಗುತ್ತದೆ. 19ನೇ ಶತಮಾನದಲ್ಲಿ ಗಾಳಿಯ ಬಲದಿಂದಲೇ ತೂಬು ಎತ್ತುವ ಉಪಾಯ ಬಂತು, ಅದರ ಬೆನ್ನಿಗೆ ವಿದ್ಯುತ್ಕಾಂತ ಬಂತು. ಈಗ ವಾದಕರು ಒಂದು ಮೂಲೆಯಲ್ಲಿ, ಕೊಳವೆಗಳು ಇನ್ನೊಂದು ಮೂಲೆಯಲ್ಲಿ ಇರಬಹುದಾಯಿತು. ನೋತ್ರ್ ದಾಮ್‌ನ ಆರ್ಗನ್ನಿಗೂ 1992ರಲ್ಲೇ ಕಂಪ್ಯೂಟರ್ ನಿಯಂತ್ರಣ ಬಂದಿತ್ತು. ಬೆಂಕಿಗಿಂತ ಮೊದಲೂ ಅಲ್ಲಿ ಮನೆ ಒತ್ತಿದರೆ ತೂಬಿಗೆ ಹೋಗುತ್ತಿದ್ದುದು ವಿದ್ಯುತ್ ಸಂದೇಶವೇ.

ಹಾಗಿದ್ದರೆ ವೈರಿನ ಆ ತುದಿಯಲ್ಲಿ ಕೊಳವೆಯೇ ಇರಬೇಕೆ? ಅಮೆರಿಕದ ಲಾರೆನ್ಸ್ ಹ್ಯಾಮಂಡ್ 1935ರಲ್ಲಿ ಬೇಡವೆಂದು ತೋರಿಸಿದರು. ಅವರ ಪೆಟ್ಟಿಗೆಯಲ್ಲಿ 91 ಲೋಹದ ಚಕ್ರಗಳು ಅಯಸ್ಕಾಂತದ ಮುಂದೆ ತಿರುಗಿ ವಿದ್ಯುತ್ ಕಂಪನ ಹುಟ್ಟಿಸುತ್ತಿದ್ದವು. ಕೊಳವೆ ಒಂದೂ ಇಲ್ಲದಿದ್ದರೂ ಗುಬುಟಿನ ಬದಲು ಅದರಲ್ಲಿದ್ದ ಎಳೆಯುವ ಪಟ್ಟಿಗಳನ್ನು 16, 8, 4, 2⅔, 1⅗ ಎಂಬ ಅಡಿಗಳಿಂದಲೇ ಗುರುತಿಸುತ್ತಾರೆ, ಏಕೆಂದರೆ ಅದು ಮಾಡುತ್ತಿದ್ದ ಕೆಲಸವೂ ಮೇಲೆ ಹೇಳಿದ ಮರಿಸ್ವರಗಳ ಜೋಡಣೆಯೇ. ಧ್ವನಿಯನ್ನು ಸಂಖ್ಯೆಗಳಾಗಿ ನೆನಪಿಟ್ಟು ನುಡಿಸುವ ಮೊದಲ ಡಿಜಿಟಲ್ ಆರ್ಗನ್ನನ್ನು ಅಮೆರಿಕದ ಅಲೆನ್ ಕಂಪನಿ 1971ರಲ್ಲಿ ತಂದಿತು. ಆ ಕಾಲದ ಮೆಮೊರಿ ಚಿಪ್‌ಗಳು ತೀರ ಚಿಕ್ಕವು. ಒಂದು ಸಾಲಿನ ಎಲ್ಲ ಸ್ವರಗಳಿಗೂ ಒಂದೇ ಅಲೆಯನ್ನು ಹಿಗ್ಗಿಸಿ ಕುಗ್ಗಿಸಿ ಬಳಸುವ ಕಾಲ ಅದು.

ಒಂದೊಂದು ಕೊಳವೆಗೂ ಮೈಕು

ಮನೆಯಲ್ಲಿ ಆರ್ಗನ್ ಕಟ್ಟುವವರ ಬದುಕು ಬದಲಾದದ್ದು ಸಾಮಾನ್ಯ ಕಂಪ್ಯೂಟರಿಗೆ ಗಿಗಾಬೈಟುಗಟ್ಟಲೆ ನೆನಪು ಬಂದಾಗ. ಈಗ ಮಾಡುವುದು ಇಷ್ಟು: ನಿಜವಾದ ಚರ್ಚೊಂದಕ್ಕೆ ಹೋಗಿ, ಊರಿನ ಸದ್ದಡಗಿದ ರಾತ್ರಿಯಲ್ಲಿ, ಪ್ರತಿ ಕೊಳವೆಯನ್ನೂ ಒಂದೊಂದಾಗಿ ನುಡಿಸಿ ಧ್ವನಿಮುದ್ರಿಸುತ್ತಾರೆ. ಇಂಥ ಸಂಗ್ರಹಕ್ಕೆ ಸ್ಯಾಂಪಲ್ ಸೆಟ್ ಎಂದು ಹೆಸರು.

ಪ್ರತಿ ಮುದ್ರಣಕ್ಕೂ ಮೂರು ಭಾಗ. ಗಾಳಿ ತುಟಿಗೆ ಬಡಿದು ಸ್ವರ ಕುದುರುವ ಮೊದಲ ಕ್ಷಣ ಒಂದು. ಕೊಳವೆಯ ವ್ಯಕ್ತಿತ್ವ ಹೆಚ್ಚಾಗಿ ಇಲ್ಲೇ ಇರುತ್ತದೆ. ಎರಡನೆಯದು ಸ್ಥಿರವಾಗಿ ನಿಂತ ಸ್ವರ. ಬೆರಳು ಒತ್ತಿಕೊಂಡಿರುವಷ್ಟು ಹೊತ್ತು ಅದು ನಿಲ್ಲಬೇಕು, ಆದ್ದರಿಂದ ಹೊಲಿಗೆ ಕಾಣದಂತೆ ಅದನ್ನು ಸುತ್ತು ಹಾಕಿಸುತ್ತಾರೆ. ಮೂರನೆಯದು ಬೆರಳೆತ್ತಿದ ಮೇಲೆ ಚರ್ಚಿನ ಗೋಡೆ, ಕಮಾನುಗಳಲ್ಲಿ ಸ್ವರ ಕರಗುವ ಬಾಲ. ಚುಟುಕಾಗಿ ಒತ್ತಿ ಬಿಟ್ಟಾಗಿನ ಬಾಲ ಬೇರೆ, ದೀರ್ಘವಾಗಿ ಹಿಡಿದು ಬಿಟ್ಟಾಗಿನದು ಬೇರೆ, ಹಾಗಾಗಿ ಎರಡು ಮೂರು ಬಗೆಯ ಬಾಲಗಳನ್ನು ಮುದ್ರಿಸುತ್ತಾರೆ.

ಇದಕ್ಕೆ ಎಷ್ಟು ಜಾಗ ಬೇಕು? ಸೆಕೆಂಡಿಗೆ 48,000 ಅಳತೆ, ಪ್ರತಿ ಅಳತೆಗೆ 3 ಬೈಟ್, ಎಡ–ಬಲ ಎರಡು ಕಿವಿ: ಸೆಕೆಂಡಿಗೆ 2,88,000 ಬೈಟ್. ಹತ್ತು ಸೆಕೆಂಡಿನ ಒಂದು ಕೊಳವೆಗೆ ಸುಮಾರು 3 ಮೆಗಾಬೈಟ್. 610 ಕೊಳವೆಗಳ ಪುಟ್ಟ ಆರ್ಗನ್ನಿಗೆ 1.8 ಗಿಗಾಬೈಟಿನಷ್ಟು. ಬೇರೆ ಬೇರೆ ಬಾಲಗಳು, ಹಿಂದೆ ಮುಂದೆ ಇಟ್ಟ ಹೆಚ್ಚಿನ ಮೈಕುಗಳು ಸೇರಿದರೆ ಇದರ ಹಲವು ಪಟ್ಟು. ಒತ್ತಿದ ತಕ್ಷಣ ಸ್ವರ ಸಿಗಬೇಕಾದ್ದರಿಂದ ಇದೆಲ್ಲ ಡಿಸ್ಕಿನಲ್ಲಿ ಕೂತರೆ ಸಾಲದು, ರ್‍ಯಾಮಿಗೆ ಬರಬೇಕು. ಆರ್ಗನ್ ಕಟ್ಟುವವರು ವಿಡಿಯೊ ಎಡಿಟ್ ಮಾಡುವವರಷ್ಟೇ ರ್‍ಯಾಮಿನ ಚಿಂತೆ ಮಾಡುವುದು ಇದಕ್ಕೆ. ಹತ್ತು ಬೆರಳು ಇಪ್ಪತ್ತು ಸಾಲಿನ ಮೇಲೆ ಒತ್ತಿದರೆ ಇನ್ನೂರು ಕೊಳವೆ ನುಡಿಯುತ್ತವೆ; ಹಿಂದಿನ ಸ್ವರಗಳ ಬಾಲಗಳು ಇನ್ನೂ ಕರಗುತ್ತಿರುತ್ತವೆ. ಕಂಪ್ಯೂಟರ್ ಏಕಕಾಲಕ್ಕೆ ಸಾವಿರ ಧ್ವನಿ ಬೆರೆಸುವುದು ಇಲ್ಲಿ ದೊಡ್ಡ ಸಂಗತಿಯೇನಲ್ಲ.

ಈ ಬೆರೆಸುವ ಕೆಲಸ ಮಾಡುವ ತಂತ್ರಾಂಶಗಳಲ್ಲಿ ಹೆಸರಾದವು ಎರಡು. ಹಾಪ್ಟ್‌ವೆರ್ಕ್ ಹಣ ಕೊಟ್ಟು ಕೊಳ್ಳುವಂಥದ್ದು. ಗ್ರ್ಯಾಂಡ್‌ಆರ್ಗ್ ಮುಕ್ತ ತಂತ್ರಾಂಶ, ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಉಚಿತ ಸ್ಯಾಂಪಲ್ ಸೆಟ್‌ಗಳೂ ಸಿಗುತ್ತವೆ. ಕೈಯಲ್ಲಿ ಒಂದು ಮಿಡಿ ಕೀಬೋರ್ಡು (ಯಾವ ಮನೆ ಒತ್ತಿದರೆಂದು ಕಂಪ್ಯೂಟರಿಗೆ ತಿಳಿಸುವಂಥದ್ದು), ಒಂದು ಹೆಡ್‌ಫೋನು ಇದ್ದರೆ ಇಂದೇ ಸಂಜೆ ಶುರು ಮಾಡಬಹುದು.

ಕನ್ಸೋಲ್ ಕಟ್ಟುವುದು

ವಾದಕರು ಕೂರುವ ಮೇಜಿಗೆ ಕನ್ಸೋಲ್ ಎನ್ನುತ್ತಾರೆ. ಕೈಯ ಕೀಬೋರ್ಡುಗಳಿಗೆ ಮ್ಯಾನುಯಲ್, ಕಾಲಿನದಕ್ಕೆ ಪೆಡಲ್‌ಬೋರ್ಡ್. ಅಳತೆಗಳನ್ನು ಮನಸ್ಸಿಗೆ ಬಂದಂತೆ ಇಟ್ಟರೆ ಆಮೇಲೆ ಬೇರೆ ಆರ್ಗನ್ ನುಡಿಸಲು ಕಾಲು ಒಪ್ಪುವುದಿಲ್ಲ. ಆದ್ದರಿಂದ ಮನೆಯಲ್ಲಿ ಕಟ್ಟುವವರೂ ಶಿಷ್ಟ ಅಳತೆ ಹಿಡಿಯುತ್ತಾರೆ. ಅಮೆರಿಕದ ಪದ್ಧತಿಯಲ್ಲಿ ಕೈಗೆ 61 ಮನೆ, ಕಾಲಿಗೆ 32, ಕಾಲಿನ ಪಟ್ಟಿಗಳು ಬೀಸಣಿಗೆಯಂತೆ ಬಿಚ್ಚಿ ತುದಿಗಳಲ್ಲಿ ಏರುತ್ತವೆ. ಜರ್ಮನ್ ಪದ್ಧತಿಯಲ್ಲಿ ಕಾಲಿಗೆ 30, ಪಟ್ಟಿಗಳು ಪರಸ್ಪರ ಸಮಾನಾಂತರ.

ಪ್ರತಿ ಮನೆಯ ಅಡಿಗೆ ಒಂದು ಪುಟ್ಟ ಅಯಸ್ಕಾಂತ, ಅದರೆದುರು ಕಾಂತ ಹತ್ತಿರ ಬಂದರೆ ಮುಚ್ಚುವ ಸ್ವಿಚ್ಚು. 61 ಸ್ವಿಚ್ಚಿಗೆ 61 ವೈರು ಎಳೆಯಬೇಕಿಲ್ಲ. ಎಂಟು ಉದ್ದ ವೈರು, ಎಂಟು ಅಡ್ಡ ವೈರು ಸಾಕು. ಅವು ಕೂಡುವ 64 ಗಂಟುಗಳಲ್ಲಿ 61 ಮನೆಗಳು ಕೂರುತ್ತವೆ. ಆರ್ಡುಯಿನೊ ತರಹದ, ಅಂಗೈಯಗಲದ ಕಂಪ್ಯೂಟರಿನಂಥ ಪುಟ್ಟ ಬೋರ್ಡು ಒಂದೊಂದು ಸಾಲಿಗೂ ಸರದಿಯಂತೆ ವಿದ್ಯುತ್ ಕೊಟ್ಟು, ಯಾವ ಗಂಟು ಮುಚ್ಚಿದೆ ಎಂದು ಸೆಕೆಂಡಿಗೆ ನೂರಾರು ಸಲ ನೋಡುತ್ತದೆ. ಗಾಳಿಪೆಟ್ಟಿಗೆಯ ಉದ್ದ–ಅಡ್ಡದ ಜಾಲ ಇಲ್ಲಿ ತಾಮ್ರದಲ್ಲಿ ಮರುಹುಟ್ಟಿದೆ. ಒಂದು ಅಪಾಯ ಮಾತ್ರ ಗಮನಿಸಬೇಕು. ಚೌಕದ ಮೂರು ಮೂಲೆಯ ಮನೆ ಒತ್ತಿದರೆ ವಿದ್ಯುತ್ತು ಹಿಂದುಮುಂದಾಗಿ ಹರಿದು, ಒತ್ತದ ನಾಲ್ಕನೆಯ ಮನೆಯೂ ನುಡಿಯುತ್ತದೆ. ಅದನ್ನು ತಡೆಯಲು ಗಂಟಿಗೊಂದು ಡಯೋಡ್ ಹಾಕುತ್ತಾರೆ. ಹಾರ್ಮೋನಿಯಂ ತಿದಿಯ ಒಳಗಿನ ತೊಗಲಿನ ಕದದ ಹಾಗೆ ಅದು ಒಂದೇ ದಿಕ್ಕಿಗೆ ದಾರಿ ಬಿಡುತ್ತದೆ.

ಬೋರ್ಡು ಕಂಪ್ಯೂಟರಿಗೆ ಹೇಳುವ ಭಾಷೆ ಮಿಡಿ, 1983ರಲ್ಲಿ ಬಂದದ್ದು. ‘ಇಂಥ ಕೀಬೋರ್ಡಿನ ಇಂಥ ಮನೆ ಒತ್ತಿದರು’, ‘ಬಿಟ್ಟರು’ ಎಂಬಷ್ಟೇ ಅದರ ಮಾತು. ಎಷ್ಟು ಜೋರಾಗಿ ಒತ್ತಿದರು ಎಂಬುದನ್ನೂ ಹೇಳುತ್ತದೆ, ಆದರೆ ಆರ್ಗನ್ನಿಗೆ ಅದು ಬೇಡ. ತೂಬಿಗೆ ತೆರೆದಿದೆ, ಮುಚ್ಚಿದೆ ಎಂಬೆರಡೇ ಸ್ಥಿತಿ.

ಒತ್ತುವುದಕ್ಕೂ ಕೇಳುವುದಕ್ಕೂ ನಡುವಿನ ತಡ ಹೊಸಬರಿಗೆ ದೊಡ್ಡ ತಲೆನೋವು. ಕಂಪ್ಯೂಟರ್ ಧ್ವನಿಯನ್ನು ಮುದ್ದೆ ಮುದ್ದೆಯಾಗಿ ಕಳಿಸುತ್ತದೆ. 256 ಅಳತೆಗಳ ಮುದ್ದೆಯಾದರೆ ಸುಮಾರು 5 ಮಿಲಿಸೆಕೆಂಡು ತಡ. ಅಷ್ಟರಲ್ಲಿ ಗಾಳಿಯಲ್ಲಿ ಶಬ್ದ ಎರಡು ಮೀಟರಿಗೂ ಕಡಿಮೆ ದೂರ ಹೋಗಿರುತ್ತದೆ. ಚರ್ಚಿನಲ್ಲಿ ಕೊಳವೆ 20 ಮೀಟರ್ ದೂರವಿದ್ದರೆ ತಡ ಸುಮಾರು 58 ಮಿಲಿಸೆಕೆಂಡು! ಆರ್ಗನ್ ನುಡಿಸುವವರು ಶತಮಾನಗಳಿಂದ ಇದರ ಜತೆ ಬದುಕಿದ್ದಾರೆ.

ಕೋಣೆಯೂ ವಾದ್ಯದ ಭಾಗ

ಕನ್ಸೋಲಿಗೆ ತಿಂಗಳುಗಟ್ಟಲೆ ಬೆವರು ಸುರಿಸಿ ಸ್ಪೀಕರಿನಲ್ಲಿ ಉಳಿತಾಯ ಮಾಡಿದರೆ ಕೇಳುವುದು ರೇಡಿಯೊ ಒಳಗಿನ ಚರ್ಚು. 33 ಕಂಪನದ ಮಂದ್ರಕ್ಕೆ ದೊಡ್ಡ ಸಬ್‌ವೂಫರ್ ಬೇಕೇ ಬೇಕು. ಇನ್ನೊಂದು ತೊಡಕು ಎಂದರೆ, ಸಾವಿರ ಕೊಳವೆಯ ಧ್ವನಿಯನ್ನು ಎರಡೇ ಸ್ಪೀಕರಿನ ಹಾಳೆಗಳು ಅದುರಿಸಲು ಹೊರಟರೆ ಒಂದರ ಕಂಪನ ಇನ್ನೊಂದನ್ನು ಕಲಕುತ್ತದೆ. ಹಾಗಾಗಿ ಕೆಲವರು ಆರೆಂಟು ಸ್ಪೀಕರು ಇಟ್ಟು, ಅಕ್ಕಪಕ್ಕದ ಸ್ವರಗಳು ಬೇರೆ ಬೇರೆ ಸ್ಪೀಕರಿಗೆ ಹೋಗುವಂತೆ ಹಂಚುತ್ತಾರೆ. ನಿಜವಾದ ಆರ್ಗನ್ನಿನಲ್ಲೂ ನೆರೆಯ ಸ್ವರಗಳ ಕೊಳವೆಗಳು ಸಾಮಾನ್ಯವಾಗಿ ಎಡ–ಬಲ ಬದಿಗೆ ಹಂಚಿಹೋಗಿರುತ್ತವೆ.

ಸ್ಯಾಂಪಲ್ ಸೆಟ್ ಆರಿಸುವಾಗಲೂ ಕೋಣೆಯ ಲೆಕ್ಕವಿದೆ. ಸೋಫಾ, ಪರದೆ ತುಂಬಿದ ಮನೆ ಶಬ್ದವನ್ನು ನುಂಗುತ್ತದೆ. ಅಲ್ಲಿಗೆ ಚರ್ಚಿನ ಅನುರಣನವನ್ನೂ ಹೊತ್ತು ತಂದ ಮುದ್ರಣ ಹೊಂದುತ್ತದೆ. ಅದನ್ನು ‘ಒದ್ದೆ’ ಎನ್ನುತ್ತಾರೆ. ಎತ್ತರದ ಸಭಾಂಗಣಕ್ಕೆ ತನ್ನದೇ ಅನುರಣನವಿರುವುದರಿಂದ ಮೈಕನ್ನು ಕೊಳವೆಯ ಬುಡದಲ್ಲಿಟ್ಟು ಮಾಡಿದ ‘ಒಣ’ ಮುದ್ರಣ ಬೇಕು. ತಪ್ಪಾಗಿ ಒದ್ದೆಯ ಮೇಲೆ ಒದ್ದೆ ಬಿದ್ದರೆ ಎಲ್ಲ ಕೆಸರಾಗುತ್ತದೆ.

ನಿಜವಾದ ಕೊಳವೆಯೇ ಬೇಕು ಎನ್ನುವವರಿಗೆ

ಮರದ ಕೊಳವೆಯನ್ನು ಮನೆಯ ಕೊಟ್ಟಿಗೆಯಲ್ಲೇ ಮಾಡಬಹುದು. ನಾಲ್ಕು ಹಲಗೆ, ಒಂದು ಅಡ್ಡತುಂಡು, ಒಂದು ತುಟಿ, ಕೆಳಗೆ ಪಾದ. ಗಾಳಿ ಸೋರದ ಅಂಟು, ನೇರ ಎಳೆಯ ಒಣಮರ ಮತ್ತು ಬೇಸರಪಡದ ಮನಸ್ಸು ಬೇಕು. ಲೋಹದ ಕೊಳವೆ ತವರ–ಸೀಸದ ಮಿಶ್ರಣದ್ದು, ಅದನ್ನು ಹಾಳೆಯಾಗಿ ಎರೆದು, ಸುತ್ತಿ, ಬೆಸೆಯಬೇಕು. ಬಹಳ ಮಂದಿ ಸಿದ್ಧ ಕೊಳವೆಗಳನ್ನೇ ಕೊಳ್ಳುತ್ತಾರೆ. ಯೂರೋಪ್, ಅಮೆರಿಕಗಳಲ್ಲಿ ಚರ್ಚುಗಳು ಮುಚ್ಚಿದಾಗ ಹಳೆಯ ಆರ್ಗನ್‌ಗಳು ಬಿಡಿಯಾಗಿ, ಇಡಿಯಾಗಿ ಕಡಿಮೆ ಬೆಲೆಗೆ ಬರುತ್ತವೆ. ಆದರೆ ಹೊಸ ಬಿಡಿಭಾಗಗಳ ದಾರಿ ಕಿರಿದಾಗುತ್ತಿದೆ. 1823ರಿಂದ ಜಗತ್ತಿನ ಎಷ್ಟೋ ಆರ್ಗನ್‌ಗಳಿಗೆ ಬಿಡಿಭಾಗ ಒದಗಿಸಿದ ಜರ್ಮನಿಯ ಲೌಕ್‌ಹುಫ್ 2021ರಲ್ಲಿ ಬಾಗಿಲು ಮುಚ್ಚಿತು. ಅದೇ ದೇಶದ ಆರ್ಗನ್ ಕಟ್ಟುವ ಕೌಶಲ ಮತ್ತು ಸಂಗೀತವನ್ನು ಯುನೆಸ್ಕೊ 2017ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತ್ತು ಎಂಬುದು ನೆನಪಾದಾಗ ಮನಸ್ಸು ಭಾರವಾಗುತ್ತದೆ.

ಮನೆಯ ಛಾವಣಿ ಹತ್ತು ಅಡಿ, 16 ಅಡಿ ಕೊಳವೆ ನಿಲ್ಲಿಸುವುದೆಲ್ಲಿ? ಕೊಳವೆಯ ತುದಿಗೆ ಬಿರಡೆ ಹಾಕಿದರೆ ಗಾಳಿಯ ಅಲೆ ಹೋಗಿ ತಿರುಗಿ ಬರಬೇಕು, ಹಾಗಾಗಿ 8 ಅಡಿಯ ಕೊಳವೆಯೇ 16 ಅಡಿಯ ಸ್ವರ ಕೊಡುತ್ತದೆ. ಬೆಲೆಯಾಗಿ ಎರಡು, ನಾಲ್ಕರಂಥ ಸಮಸಂಖ್ಯೆಯ ಮರಿಸ್ವರಗಳು ಹೋಗಿ ಧ್ವನಿ ಸ್ವಲ್ಪ ಪೊಳ್ಳಾಗುತ್ತದೆ. ಇನ್ನು ಕೆಲವರು ಮೇಲಿನ ಸಾಲುಗಳಿಗೆ ನಿಜವಾದ ಕೊಳವೆ ಇಟ್ಟು, ಜಾಗ ನುಂಗುವ ಮಂದ್ರವನ್ನು ಕಂಪ್ಯೂಟರಿಗೆ ಬಿಡುತ್ತಾರೆ. ಈ ಮಿಶ್ರ ಸಂಸಾರದಲ್ಲಿ ಜಗಳ ಬರುವುದು ಸೆಕೆಯಿಂದ. ಗಾಳಿ ಬಿಸಿಯಾದರೆ ಶಬ್ದದ ವೇಗ ಹೆಚ್ಚುತ್ತದೆ, ಕೊಳವೆಯ ಶ್ರುತಿ ಏರುತ್ತದೆ. 440 ಕಂಪನದ ಸ್ವರ ಒಂದು ಡಿಗ್ರಿಗೆ ಮುಕ್ಕಾಲು ಕಂಪನದಷ್ಟು ಮೇಲೆ ಹೋಗುತ್ತದೆ. ಹತ್ತು ಡಿಗ್ರಿಗೆ ಏಳೂವರೆ. ಕಂಪ್ಯೂಟರಿಗೆ ಸೆಕೆ ತಿಳಿಯದು. ಆದ್ದರಿಂದ ಕೊಳವೆಗಳ ಬಳಿ ಉಷ್ಣಮಾಪಕ ಇಟ್ಟು ಡಿಜಿಟಲ್ ಶ್ರುತಿಯನ್ನು ಅದರ ಹಿಂದೆ ನಡೆಸುತ್ತಾರೆ. ನಾಲಿಗೆಯ ಕೊಳವೆಗಳೂ ಇಷ್ಟು ಏರುವುದಿಲ್ಲ. ಅದಕ್ಕೇ ಆರ್ಗನ್ ಶ್ರುತಿ ಮಾಡುವವರು ಹವೆ ಬದಲಾದಾಗ ನೂರಾರು ತುಟಿಯ ಕೊಳವೆಗಳನ್ನು ಮುಟ್ಟದೆ, ಕೆಲವೇ ನಾಲಿಗೆಯ ಸಾಲುಗಳನ್ನು ಅವಕ್ಕೆ ಹೊಂದಿಸಿ ಬಿಡುತ್ತಾರೆ.

ಕಟ್ಟಿ ನಿಲ್ಲಿಸಿದ ಕೊಳವೆ ಕೂಡಲೇ ಹಾಡುವುದಿಲ್ಲ. ಒಂದು ಉಸ್ಸೆನ್ನುತ್ತದೆ, ಒಂದು ತಡವಾಗಿ ಬಾಯಿ ಬಿಡುತ್ತದೆ, ಇನ್ನೊಂದು ಕಿರುಚುತ್ತದೆ. ತುಟಿಯ ಎತ್ತರ, ಸೀಳಿನ ಅಗಲ, ಪಾದದ ತೂತುಗಳನ್ನು ಕೂದಲೆಳೆಯಷ್ಟು ತಿದ್ದಿ ಸಾಲಿಡೀ ಒಂದೇ ಕುಟುಂಬದ ದನಿಯಾಗುವಂತೆ ಮಾಡುವ ಕೆಲಸಕ್ಕೆ ವಾಯ್ಸಿಂಗ್ ಎನ್ನುತ್ತಾರೆ. ಇಡೀ ಕಸುಬಿನಲ್ಲಿ ಕಲಿಯಲು ಕಷ್ಟದ್ದು ಇದು, ಪುಸ್ತಕದಿಂದ ಬರುವಂಥದ್ದಲ್ಲ. ಡಿಜಿಟಲ್‌ನಲ್ಲೂ ಇದು ತಪ್ಪಿಲ್ಲ. ಸೆಟ್ ಹಾಕಿದ ಮೇಲೆ ಸ್ವಂತ ಕೋಣೆಯಲ್ಲಿ ಯಾವ ಸ್ವರ ಗುಂಯ್‌ಗುಡುತ್ತದೆ, ಯಾವುದು ಕಳೆದುಹೋಗುತ್ತದೆ ಎಂದು ಕೇಳಿ, ಒಂದೊಂದೇ ‘ಕೊಳವೆ’ಯ ಬಲವನ್ನು ತೆರೆಯ ಮೇಲೆ ತಿದ್ದಬೇಕು.

ಇನ್ನು ನುಡಿಸುವುದು

ಪಿಯಾನೊದಲ್ಲಿ ಒತ್ತಿದ ಸ್ವರ ತಾನಾಗಿ ಸಾಯುತ್ತದೆ. ಆರ್ಗನ್ನಿನಲ್ಲಿ ಬೆರಳಿರುವ ತನಕ ಅದೇ ಬಲದಲ್ಲಿ ನಿಲ್ಲುತ್ತದೆ, ಎತ್ತಿದ ಕ್ಷಣ ಕಡಿಯುತ್ತದೆ. ಜೋರಾಗಿ ಒತ್ತಿ ಒಂದು ಸ್ವರಕ್ಕೆ ತೂಕ ಕೊಡುವ ದಾರಿ ಇಲ್ಲ. ತೂಕ ಬರುವುದು ಅದರ ಹಿಂದಿನ ಸ್ವರವನ್ನು ಕೂದಲೆಳೆ ಮೊದಲೇ ಬಿಡುವುದರಿಂದ. ಒತ್ತುವುದಕ್ಕಿಂತ ಬಿಡುವುದನ್ನು ಹೆಚ್ಚು ಕಲಿಸುವ ವಾದ್ಯ ಇದು. ಮುರಿಯದೆ ಸಾಗಬೇಕಾದಾಗ, ಮನೆಯನ್ನು ಒತ್ತಿಹಿಡಿದೇ ಸದ್ದಿಲ್ಲದೆ ಒಂದು ಬೆರಳಿನ ಜಾಗಕ್ಕೆ ಇನ್ನೊಂದನ್ನು ತಂದು, ಬಿಡುವಾದ ಬೆರಳನ್ನು ಮುಂದಕ್ಕೆ ಕಳಿಸುತ್ತಾರೆ. ಒಟ್ಟು ಧ್ವನಿ ಏರಿಳಿಯಬೇಕಿದ್ದರೆ ಕೆಲವು ಸಾಲುಗಳನ್ನು ಕಿಟಕಿ ಪಟ್ಟಿಗಳಿರುವ ಪೆಟ್ಟಿಗೆಯಲ್ಲಿಟ್ಟು, ಪಾದದಿಂದ ಆ ಕಿಟಕಿ ತೆರೆದು ಮುಚ್ಚುತ್ತಾರೆ.

ಎರಡು ಕೈ ಎರಡು ಮ್ಯಾನುಯಲ್‌ಗಳಲ್ಲಿ ಬೇರೆ ಬೇರೆ ಬಣ್ಣದ ಧ್ವನಿ ನುಡಿಸುವಾಗ ಕಾಲು ಮಂದ್ರ ಹಿಡಿಯುತ್ತದೆ. ಹಾಳೆಯಲ್ಲಿ ಮೂರು ಸಾಲು ಸ್ವರಲಿಪಿ: ಬಲಗೈ, ಎಡಗೈ, ಪಾದ. ಪಾದದಲ್ಲೂ ಹೆಬ್ಬೆರಳ ತುದಿ, ಹಿಮ್ಮಡಿ ಎರಡೂ ಕೆಲಸ ಮಾಡುತ್ತವೆ. ತೆಳು ಚರ್ಮದ ಅಟ್ಟೆಯ, ಸ್ವಲ್ಪ ಹಿಮ್ಮಡಿ ಇರುವ ಬೂಟು ಹಾಕುವುದು ಪಟ್ಟಿಯ ಅಂಚು ಕಾಲಿಗೆ ತಿಳಿಯಲೆಂದು, ಜಾರಿ ಸಾಗಲೆಂದು. ಬೆಂಗಳೂರಿನ ಕಬ್ಬನ್ ರಸ್ತೆಯ ಸೇಂಟ್ ಆಂಡ್ರ್ಯೂಸ್ ಚರ್ಚಿನಲ್ಲಿ ಬ್ರಿಟಿಷ್ ಕಾಲದ ಪೈಪ್ ಆರ್ಗನ್ ಇದೆ. ಅಂಥ ಕಡೆ ಒಮ್ಮೆ ವಾದಕರ ಕೈ ಬಿಟ್ಟು ಕಾಲನ್ನೇ ನೋಡಿದರೆ ಈ ಮಾತು ಬೇಗ ಅರ್ಥವಾಗುತ್ತದೆ.

ಕಲಿಯುವವರು ಮೊದಲ ವಾರಗಳಲ್ಲಿ ಎಲ್ಲ ಗುಬುಟು ಎಳೆದು ಗುಡುಗಿಸಲು ಆಸೆಪಡುತ್ತಾರೆ, ಅದು ಸಹಜ. ಗುರುಗಳು ಸಾಮಾನ್ಯವಾಗಿ ಒಂದೇ ಒಂದು 8 ಅಡಿಯ ಮೃದುವಾದ ಸಾಲು ಎಳೆಸುತ್ತಾರೆ, ಅದರಲ್ಲಿ ಬೆರಳು ಬಿಡುವಾಗಿನ ತಪ್ಪುಗಳು ಅಡಗಲಾರವು. ಆಮೇಲೆ ಕೆಳಗೆ ನೋಡದೆ, ಎಡ ಪಾದದ ಬದಿಯಿಂದ ಎತ್ತರದ ಪಟ್ಟಿಗಳ ನಡುವಿನ ಸಂದನ್ನು ತಡವಿ, ಮಂದ್ರದ ಮೊದಲ ಸ್ವರವನ್ನು ಹುಡುಕಿಸುತ್ತಾರೆ. ಅದು ಸಿಕ್ಕ ಮೇಲೆ ಮುಂದಿನದು.